ಸವುಳು ಮಣ್ಣಿನ ಕೊರಕಲು

ನನ್ನನ್ನು ಕೊಟ್ಟ ಮನೆ ಊರೊಳಗಿರಲಿಲ್ಲ. ಮೊರಪ್ಪೂರಿನಿಂದ ಧರ್ಮಪುರಿ ಕಡೆಗೆ ಹೋಗುವ ಸಣ್ಣ ರೈಲಿನ ದಾರಿಯಿಂದ ಒಂದೂವರೆ ಮೈಲಿ ಒಳಗೆ, ಹೊಲದ ನಡುವೆ ಒಂಟಿಯಾಗಿತ್ತು. ನಾನು ಹುಟ್ಟಿ ಬೆಳೆದದ್ದು ಸೇಲಂ ಆಚೆ, ತಾರಮಂಗಲದ ಹತ್ತಿರ, ನೇಕಾರರ ಬೀದಿಗೆ ಅಂಟಿಕೊಂಡ ಮನೆಯಲ್ಲಿ. ಬೆಳಗಾದರೆ ಮಗ್ಗದ ಸದ್ದು, ಯಾರದೋ ಜಗಳ, ಯಾರದೋ ನಗು. ಈ ಮನೆಗೆ ಬಂದ ಮೊದಲ ಮಧ್ಯಾಹ್ನ ನನ್ನ ಕಿವಿಗೇ ಏನೋ ಆಗಿದೆ ಅಂದುಕೊಂಡೆ, ಅಷ್ಟು ಸದ್ದಿಲ್ಲ. ಒಲೆಯ ಮುಂದೆ ಕೂತು ಸುಮ್ಮನೆ ಒಂದು ಚೊಂಬನ್ನು ನೆಲಕ್ಕೆ ಕುಟ್ಟಿ ನೋಡಿದೆ. ಕೇಳಿಸಿತು.

ಗಂಡ ಕೋಲಾರದ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದರು. ಮದುವೆಯಾದ ಇಪ್ಪತ್ತನೇ ದಿನ ಹೊರಟುಹೋದರು. ವರ್ಷಕ್ಕೆ ಎರಡು ಸಲ ಬರುತ್ತಿದ್ದರು, ಬಂದಾಗ ನಾಲ್ಕು ದಿನ. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ಇದ್ದದ್ದು ಮಾವ ಮತ್ತು ನಾನು. ಮಾವ ಕೆಟ್ಟವರಲ್ಲ. ಆದರೆ ಮಾತು ಅಂದರೆ ಅವರಿಗೆ ಕೈಯಿಂದ ಕಾಸು ಬಿಚ್ಚಿ ಕೊಟ್ಟ ಹಾಗೆ. "ಎಮ್ಮೆಗೆ ನೀರು ಕುಡಿಸ್ದಾ?" "ರಾಗಿ ಕಳಿ ಆಯ್ತಾ?" ಇಷ್ಟರಲ್ಲಿ ಅವರ ದಿನ ಮುಗಿಯುತ್ತಿತ್ತು. ನಾನೂ ಹೂಂ ಅನ್ನುವುದನ್ನೇ ಕಲಿತೆ. ಆಗ ನನಗೆ ಹದಿನಾರು.

ಮನೆಯ ತೆಂಕಣಕ್ಕೆ ಹೊಲ ಇಳಿಜಾರಾಗಿ ಕೆರೆಯ ಕಡೆ ಹೋಗುತ್ತಿತ್ತು. ಮೇಲಿನ ಹೊಲದ ಮಣ್ಣು ಕೆಂಪು. ಕೆಳಗೆ ಹೋದ ಹಾಗೆ ಅದು ಬೂದು ಬಣ್ಣಕ್ಕೆ ತಿರುಗಿ, ಬೇಸಿಗೆಯಲ್ಲಿ ಮೇಲೆಲ್ಲ ಬಿಳಿ ಹಿಟ್ಟು ಚೆಲ್ಲಿದ ಹಾಗೆ ಕಾಣುತ್ತಿತ್ತು. ಅದೇ ಸವುಳು. ಅಲ್ಲಿ ರಾಗಿ ಒಂದು ಗೇಣು ಬೆಳೆದು ಹಳದಿಯಾಗಿ ನಿಂತುಬಿಡುತ್ತಿತ್ತು. ಮಳೆಗಾಲದಲ್ಲಿ ಆ ಕಡೆ ನೀರು ಹಿಂಗದೆ ನಿಲ್ಲುತ್ತಿತ್ತಂತೆ. ನಾನು ಬರುವ ಕೆಲವು ವರ್ಷ ಮೊದಲು ಮಾವ ಒಬ್ಬರೇ ಗುದ್ದಲಿ ಹಿಡಿದು, ಹೊಲದ ಮೂಲೆಯಿಂದ ಕೆಳಗಿನ ತಗ್ಗಿನವರೆಗೆ ತೊಡೆಯುದ್ದ ಆಳದ ಕಾಲುವೆ ತೋಡಿದ್ದರು. ನೀರೆಲ್ಲ ಅದರಲ್ಲಿ ಇಳಿದು ಹೋಗಿ ಹೊಲ ಒಣಗಿತು. ಅದೊಂದು ವಿಷಯ ಮಾತ್ರ ನಾನು ಕೇಳದೆಯೇ ಅವರು ಹೇಳಿದರು. "ಈ ಕಾಲ್ವೆ ನಾನೇ ತೋಡಿದ್ದು. ಒಂದು ಆಳೂ ಇಲ್ದೆ."

ಕಾಲುವೆ ಮುಗಿಯುವ ಕಡೆ ಒಂದು ಕೊರಕಲಿತ್ತು. ನಾನು ಬಂದ ವರ್ಷ ಅದು ಒಂದು ಹೆಜ್ಜೆಯ ಅಗಲ. ಕೆರೆಗೆ ಹೋಗಬೇಕಾದರೆ ಅದನ್ನು ದಾಟಿಯೇ ಹೋಗಬೇಕು. ತಲೆಯ ಮೇಲೆ ಬಟ್ಟೆಯ ಗಂಟು ಇಟ್ಟುಕೊಂಡೇ ದಾಟುತ್ತಿದ್ದೆ. ದಾಟಿದರೆ ಆಚೆ ಒಂದು ಗುಡಿಸಲು, ಎರಡು ಕತ್ತೆ. ಊರವರ ಬಟ್ಟೆ ಒಗೆಯುವ ಗಂಡ ಹೆಂಡತಿ ಅಲ್ಲಿದ್ದರು. ಆ ಹೆಂಗಸಿಗೆ ನಲವತ್ತರ ಹತ್ತಿರ ಇರಬೇಕು. ನಾನು ಅವಳನ್ನು ಅಕ್ಕ ಅನ್ನುತ್ತಿದ್ದೆ. ಅವಳು ನನ್ನನ್ನು ತಾಯಿ ಅನ್ನುತ್ತಿದ್ದಳು, ನಾನು ಅವಳ ಮಗಳ ವಯಸ್ಸಿನವಳಾದರೂ.

ಮೊದಲ ಸಲ ನಾನು ಕೆರೆಯ ಹತ್ತಿರ ಅಳುತ್ತ ಕೂತಿದ್ದಾಗ ಅವಳು ಏನೂ ಕೇಳಲಿಲ್ಲ. ನನ್ನ ಗಂಟು ಬಿಚ್ಚಿ, ಮಾವನ ಪಂಚೆ ತೆಗೆದು ಮೂಗಿಗೆ ಹಿಡಿದು, "ಇದನ್ನ ಇಂಗೆ ಒಗೆದ್ರೆ ಬೆವರು ಓಗಲ್ಲ ತಾಯಿ. ಸವುಳಲ್ಲಿ ನೆನೆಸ್ಬೇಕು" ಅಂದಳು. ಅಂದಿನಿಂದ ವಾರಕ್ಕೆ ಎರಡು ಮೂರು ಸಲ ಅವಳ ಜೊತೆ ಕೂರುವುದು ನನಗೆ ಅಭ್ಯಾಸವಾಯಿತು. ಬೇಸಿಗೆಯಲ್ಲಿ ಅವಳು ತೆಂಗಿನ ಚಿಪ್ಪಿನಿಂದ ನೆಲದ ಮೇಲಿನ ಬಿಳುಪನ್ನು ಕೆರೆದು ಬುಟ್ಟಿಗೆ ತುಂಬುತ್ತಿದ್ದಳು. ಅದರಲ್ಲಿ ಬಟ್ಟೆ ನೆನೆಸಿ, ದೊಡ್ಡ ಮಡಕೆಯ ಮೇಲೆ ಉಬ್ಬೆ ಹಾಕಿ ಹಬೆಯಲ್ಲಿ ಬೇಯಿಸಿದರೆ ಮಲ್ಲಿಗೆಯ ಹಾಗೆ ಆಗುತ್ತಿತ್ತು. ನಾನು ಕೆರೆಯುತ್ತ ಕೂರುತ್ತಿದ್ದೆ, ಅವಳು ಮಾತಾಡುತ್ತ ಕೂರುತ್ತಿದ್ದಳು. ನನ್ನ ಇಡೀ ವಾರದ ಮಾತು ಅಲ್ಲೇ ನಡೆಯುತ್ತಿತ್ತು.

ಎರಡನೇ ವರ್ಷ, ದೀಪಾವಳಿ ಬರುವ ಐಪ್ಪಸಿ ತಿಂಗಳ ಮಳೆಗೆ ಕೊರಕಲು ಅಗಲವಾಯಿತು. ಒಂದು ಹೆಜ್ಜೆ ಇದ್ದದ್ದು ಹಾರುವಷ್ಟಾಯಿತು. ಗೋಡೆ ಕೊಯ್ದ ಹಾಗೆ ಎರಡು ಕಡೆ ನೆಟ್ಟಗೆ ನಿಂತ ಮಣ್ಣು, ಬುಡದಲ್ಲಿ ಪೊಳ್ಳು. ಮಳೆ ನಿಂತ ಮೇಲೂ, ಬಿಸಿಲು ಬಿದ್ದಾಗ ಮಣ್ಣಿನ ಹೆಂಟೆಗಳು ಧುಪ್ ಧುಪ್ ಅಂತ ಉದುರುವುದು ಮನೆಯವರೆಗೆ ಕೇಳುತ್ತಿತ್ತು. ಕೆರೆಯ ಬಾಯಲ್ಲಿ ಮರಳು ಬೀಸಣಿಗೆಯ ಹಾಗೆ ಹರಡಿ ಅಕ್ಕನ ಒಗೆಯುವ ಕಲ್ಲನ್ನೇ ಮುಚ್ಚಿಬಿಟ್ಟಿತು. ಮರಳು ಅಲ್ಲೇ ತಂಗಿದರೂ ನುಣ್ಣನೆಯ ಮಣ್ಣು ನೀರಿನಲ್ಲೇ ತೇಲುತ್ತಿತ್ತು. ತಿಂಗಳಾದರೂ ಕೆರೆಯ ನೀರು ತಿಳಿಯಾಗಲಿಲ್ಲ. ಊರಿನ ಹೆಂಗಸರು ಕೊಡದ ಒಳಗೆ ಚಿಲ್ಲದ ಬೀಜ ತೇಯ್ದು ಕುಡಿಯುವ ನೀರನ್ನು ತಿಳಿ ಮಾಡಿಕೊಳ್ಳುತ್ತಿದ್ದರು.

"ಇದು ಯಾಕಕ್ಕ ಇಂಗೆ ಕರಗ್ತೈತೆ?" ಎಂದು ಒಂದು ದಿನ ಕೇಳಿದೆ.

ಅವಳು ನನ್ನನ್ನು ಗುಡಿಸಲ ಹಿಂದಿನ ಬಂಡೆಗೆ ಕರೆದುಕೊಂಡು ಹೋದಳು. ಬಂಡೆಯ ದೊಣೆಯಲ್ಲಿ ಮಳೆನೀರು ಕನ್ನಡಿಯ ಹಾಗೆ ನಿಂತಿತ್ತು. ಎರಡು ಮಡಕೆ ಚೂರಿಗೆ ಆ ನೀರು ತುಂಬಿ, ಒಂದರಲ್ಲಿ ಮೇಲಿನ ಹೊಲದ ಕೆಂಪು ಮಣ್ಣಿನ ಉಂಡೆ, ಇನ್ನೊಂದರಲ್ಲಿ ಕೊರಕಲಿನ ಮಣ್ಣಿನ ಉಂಡೆ ಇಟ್ಟಳು. "ಕೈ ಆಕ್ಬ್ಯಾಡ. ಸುಮ್ಕೆ ನೋಡು."

ಕೆಂಪು ಉಂಡೆ ಬಿರಿದು ಪುಡಿಯಾಗಿ ತಳದಲ್ಲಿ ಕೂತಿತು. ನೀರು ಹಾಗೇ ತಿಳಿಯಾಗಿತ್ತು. ಕೊರಕಲಿನ ಉಂಡೆಯ ಸುತ್ತ ಮೊದಲು ಹೊಗೆಯ ಹಾಗೆ ಏನೋ ಎದ್ದಿತು. ನಾನು ನೋಡುತ್ತಿದ್ದ ಹಾಗೆಯೇ ಆ ಹೊಗೆ ಹರಡಿ, ಚೂರಿನ ನೀರೆಲ್ಲ ಹಾಲು ಕದಡಿದ ಹಾಗಾಯಿತು. ಯಾರೂ ಮುಟ್ಟಿರಲಿಲ್ಲ.

"ನೋಡ್ದಾ? ಈ ಮಣ್ಣಿಗೆ ಕಚ್ಕೊಂಡು ಇರೋಕೆ ಬರಲ್ಲ. ಮ್ಯಾಲೆ ಗಟ್ಟಿ ಐತೆ ಅಂತ ಕಾಣ್ತೈತೆ. ಒಳೀಕೆ ನೀರು ಓದ್ರೆ ಸಕ್ಕರೆ."

ಆಗ ಅದು ನನಗೆ ಒಂದು ಆಟದ ಹಾಗೆ ಕಂಡಿತ್ತು.

ಅದಾದ ಮೇಲೆ ಸಂಕ್ರಾಂತಿಯ ತೈ ತಿಂಗಳಲ್ಲಿ ಒಂದು ಬೆಳಗ್ಗೆ ನಮ್ಮ ಕಡಸು ಕಾಣಲಿಲ್ಲ. ಹುಡುಕಿದರೆ ಕಾಲುವೆಯ ಪಕ್ಕದ ಹೊಲದಲ್ಲಿ ಅದರ ಬೆನ್ನು, ಕತ್ತು ಮಾತ್ರ ಕಾಣುತ್ತಿತ್ತು. ನೆಲ ಕುಸಿದು ಅದು ಒಳಗೆ ನಿಂತುಬಿಟ್ಟಿತ್ತು. ಊರಿಂದ ನಾಲ್ಕು ಜನ ಬಂದು ಹಗ್ಗ ಹಾಕಿ ಎಳೆದರು. ಮುಂಗಾಲು ಮುರಿದಿತ್ತು. ಅದನ್ನು ಎತ್ತಿದ ಮೇಲೆ ಮಾವ ಗುಂಡಿಯೊಳಗೆ ಇಳಿದು ನೋಡಿದರು. ಒಳಗೆ ಸುರಂಗದ ಹಾಗೆ ಒಂದು ದಾರಿ ಕೊರಕಲಿನ ಕಡೆಗೆ ಹೋಗಿತ್ತು, ಒಬ್ಬ ಮನುಷ್ಯ ತೆವಳುವಷ್ಟು. ಮೇಲೆ ನೋಡಿದರೆ ಏನೂ ಗೊತ್ತಾಗದ ಹೊಲ, ರಾಗಿಯ ಕೂಳೆ.

ಮಾವ ಗುಂಡಿಯಿಂದ ಎದ್ದು ಬಂದವರೇ ನೇರ ಕೊರಕಲಿನ ದಂಡೆಗೆ ಹೋದರು. ನಾನು ಹಿಂದೆ ಓಡಿದೆ. ಆಚೆ ದಂಡೆಯಲ್ಲಿ ಅಕ್ಕ ಬಟ್ಟೆ ಹರವುತ್ತಿದ್ದಳು.

"ಈ ಬಿಲ ತೋಡ್ದೋಳು ನೀನೇ ಅಲ್ವಾ?"

ಅವಳು ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟಳು. "ನಾನು ಬಿಲ ತೋಡಲ್ಲ ಅಯ್ಯ. ಮ್ಯಾಗಳ ಬಿಳುಪು ಕೆರ್ಕೊಂತೀನಿ, ಅಷ್ಟೇ."

"ಕೆರ್ದು ಕೆರ್ದು ನೆಲಾನೇ ತಿಂದಾಕಿದ್ದೀಯ. ನನ್ ಕಡಸು ಓಯ್ತು."

"ಮಣ್ಣಿನ ಗುಣ ಅಯ್ಯ ಅದು. ನೀರು ಒಳೀಕೆ ನುಗ್ಗಿ ತಿಂತೈತೆ."

"ಯಾವ ನೀರು?"

ಅವಳು ಹೊಲದ ಕಾಲುವೆಯ ಕಡೆ ನೋಡಿದಳು. ಆಮೇಲೆ ಮೆತ್ತಗೆ, ಆದರೆ ಕೇಳುವಷ್ಟು ಸ್ಪಷ್ಟವಾಗಿ, "ನಿಮ್ ಕಾಲ್ವೆ ನೀರು" ಅಂದಳು.

ಮಾವನ ಮುಖ ನಾನು ಹಿಂದೆ ಎಂದೂ ನೋಡಿರದ ಹಾಗಾಯಿತು. ಊರಿನ ನಾಲ್ಕು ಜನವೂ ಅಲ್ಲಿಯೇ ನಿಂತಿದ್ದರು. "ನಾಳೆಯಿಂದ ನನ್ ನೆಲದ ಮ್ಯಾಲೆ ಕಾಲಿಡ್ಬ್ಯಾಡ. ಒಂದು ಇಡಿ ಮಣ್ಣು ಎತ್ಬ್ಯಾಡ" ಎಂದರು. ಸವುಳು ಇದ್ದ ನೆಲವೆಲ್ಲ ನಮ್ಮದೇ. ಅದಿಲ್ಲದೆ ಅವಳ ಕೆಲಸ ನಡೆಯುತ್ತಿರಲಿಲ್ಲ. ಅವಳು ನನ್ನ ಮುಖ ನೋಡಿದಳು. ನಾನು ಸೆರಗು ಸರಿಮಾಡಿಕೊಂಡು ನೆಲ ನೋಡಿದೆ.

ಮೂರನೇ ದಿನ ಧೈರ್ಯ ಮಾಡಿದೆ. ಮಾವ ಉಣ್ಣಲು ಕೂತಾಗ ಎರಡು ಕಂಚಿನ ಬಟ್ಟಲಿಗೆ ಬಾವಿಯಿಂದ ನೀರು ಸೇದಿ ತಂದು ಅವರ ಮುಂದೆ ಇಟ್ಟೆ. ಒಂದರಲ್ಲಿ ಕೆಂಪು ಉಂಡೆ, ಇನ್ನೊಂದರಲ್ಲಿ ಕೊರಕಲಿನ ಉಂಡೆ.

"ಏನವ್ವ ಇದು?"

"ನೋಡಿ ಮಾವ. ಕೈ ಮುಟ್ಟದಂಗೆ ಅದು ಕರಗ್ತೈತೆ. ಅಕ್ಕ ತೋಡಿದ್ದಲ್ಲ. ಮಣ್ಣೇ ಅಂಗೆ."

ನಾವಿಬ್ಬರೂ ನೋಡಿದೆವು. ಕೆಂಪು ಉಂಡೆ ಬಿರಿಯಿತು. ಇನ್ನೊಂದೂ ಬಿರಿಯಿತು. ಎರಡೂ ಪುಡಿಯಾಗಿ ತಳದಲ್ಲಿ ಕೂತವು. ಎರಡು ಬಟ್ಟಲಿನ ನೀರೂ ತಿಳಿಯಾಗಿಯೇ ಇತ್ತು. ಹೊಗೆ ಏಳಲಿಲ್ಲ, ಹಾಲಾಗಲಿಲ್ಲ. ಮಾವ ಕಳಿ ಮುಗಿಸುವವರೆಗೂ ನಾನು ಕಣ್ಣು ತೆಗೆಯದೆ ಕಾದೆ. ಅವರು ಕೈ ತೊಳೆದುಕೊಂಡು, ಬೈಯದೆ, "ಎರಡೂ ಒಂದೇ ತರ ಐತಲ್ಲವ್ವ" ಎಂದು ಎದ್ದು ಹೋದರು.

ಆಮೇಲಿನದನ್ನು ಬರೆಯುವುದೇ ನನಗೆ ಕಷ್ಟ. ನನಗೆ ಅಕ್ಕನ ಮೇಲೆ ಸಂಶಯ ಬಂತು. ಅಂದು ಬಂಡೆಯ ಮೇಲೆ ಆ ಚೂರಿಗೆ ಏನಾದರೂ ಹಾಕಿದ್ದಳೇ? ಮಾತಿಗೆ ಹಸಿದಿದ್ದ ಹುಡುಗಿಯನ್ನು ಏಮಾರಿಸುವುದು ಎಷ್ಟರ ಕೆಲಸ ಅನ್ನಿಸಿತು. ನನ್ನನ್ನು ಹೋಗಬೇಡ ಎಂದು ಯಾರೂ ಅಂದಿರಲಿಲ್ಲ. ನಾನೇ ಹೋಗಲಿಲ್ಲ. ಕೊರಕಲನ್ನು ಹಾರುವ ಬದಲು ಮೇಲಿನ ಹೊಲ ಸುತ್ತಿಕೊಂಡು, ಅರ್ಧ ಮೈಲಿ ಹೆಚ್ಚು ನಡೆದು ಕೆರೆಯ ಇನ್ನೊಂದು ಕಡೆ ಒಗೆದುಕೊಂಡು ಬರುತ್ತಿದ್ದೆ. ಒಂದು ಸಂಜೆ ಅವಳು ದಂಡೆಯಲ್ಲಿ ನಿಂತು "ತಾಯೀ" ಎಂದು ಕೂಗಿದಳು. ಮರುದಿನವೂ ಕೂಗಿದಳು. ನಾನು ಒಳಗೆ ರಾಗಿ ಬೀಸುತ್ತ ಕೂತಿದ್ದೆ. ಬೀಸುವ ಕಲ್ಲನ್ನು ನಿಲ್ಲಿಸಲಿಲ್ಲ.

ಮಾಸಿ ಕಳೆದು, ಯುಗಾದಿಯ ಹತ್ತಿರದ ಪಂಗುನಿ ಬಂತು. ಸವುಳು ಕೆರೆಯುವ ಕಾಲ. ನೆಲವೆಲ್ಲ ಬೆಳ್ಳಗೆ ಹಾಗೇ ಬಿದ್ದಿತ್ತು. ಒಂದು ದಿನ ನೋಡಿದರೆ ಆಚೆ ಹೊಗೆ ಕಾಣಲಿಲ್ಲ, ಕತ್ತೆ ಕೂಗಲಿಲ್ಲ. ಗುಡಿಸಲಿನ ಗರಿಗಳನ್ನು ಯಾರೋ ಕಿತ್ತುಕೊಂಡು ಹೋಗಿದ್ದರು. ಸೇಲಂ ಕಡೆ ಹೋದರು ಎಂದು ಊರಲ್ಲಿ ಹೇಳಿದರು.

ಆ ಬೇಸಿಗೆಯಷ್ಟು ಉದ್ದದ ಬೇಸಿಗೆ ನನಗೆ ಆಮೇಲೆ ಬಂದಿಲ್ಲ. ಗಂಡ ಬಂದು ಹೋದರು. ಅವರಿಗೆ ಇದೆಲ್ಲ ಹೇಳಬೇಕೆಂದು ಬಾಯಿ ತೆರೆದೆ, ಅವರು ನಿದ್ದೆ ಹೋಗಿದ್ದರು. ಎಮ್ಮೆಯ ಹತ್ತಿರ ಮಾತಾಡುವುದನ್ನು ಕಲಿತೆ. ಸಣ್ಣ ರೈಲು ಕೂಗಿದಾಗ ಹಟ್ಟಿಯ ಮುಂದೆ ಬಂದು ನಿಲ್ಲುತ್ತಿದ್ದೆ. ಅದು ಕಾಣುತ್ತಿರಲಿಲ್ಲ, ಹೊಗೆ ಮಾತ್ರ.

ಬೇಸಿಗೆ ಕಳೆದು, ಆಡಿ ತಿಂಗಳ ಕೊನೆಯಲ್ಲಿ ಮೊದಲ ದೊಡ್ಡ ಮಳೆ ಬಂತು. ಆ ಒಂದೇ ಮಳೆಗೆ ಕೊರಕಲು ಕಾಲುವೆಯ ಉದ್ದಕ್ಕೂ ಮೇಲೇರಿ ಅರ್ಧ ಹೊಲಕ್ಕೆ ಬಂತು. ಹಾರುವುದಿರಲಿ, ಆಚೆಯವರ ಮುಖವೂ ಗುರುತು ಸಿಗದಷ್ಟು ಅಗಲ. ಆರು ತಿಂಗಳಿಂದ ಅಲ್ಲಿ ಯಾರೂ ಒಂದು ಚಿಪ್ಪು ಮಣ್ಣನ್ನೂ ಕೆರೆದಿರಲಿಲ್ಲ. ಮಾವ ದಂಡೆಯಲ್ಲಿ ಗೋಣಿಚೀಲ ಹೊದ್ದುಕೊಂಡು ಬಹಳ ಹೊತ್ತು ನಿಂತಿದ್ದರು. ನಾನು ಅವರನ್ನೇ ನೋಡುತ್ತಿದ್ದೆ.

ನಮ್ಮ ಸೂರಿನ ಕೆಳಗೆ ಮಳೆನೀರು ಹಿಡಿಯಲು ಒಂದು ಹಂಡೆ ಇಟ್ಟಿದ್ದೆ. ಅದನ್ನು ನೋಡಿದಾಗ ಮನಸ್ಸಿಗೆ ಏನೋ ಹೊಳೆಯಿತು. ನಮ್ಮ ಬಾವಿಯ ನೀರು ಉಪ್ಪು. ಬೇಳೆ ಬೇಯುತ್ತಿರಲಿಲ್ಲ, ಮೈ ಉಜ್ಜಿದರೆ ಬಿಳಿ ಪೊರೆ ಕೂರುತ್ತಿತ್ತು. ಅಕ್ಕ ಅಂದು ತೋರಿಸಿದ್ದು ದೊಣೆಯ ನೀರಿನಲ್ಲಿ, ಆಕಾಶದಿಂದ ಬಿದ್ದ ನೀರಿನಲ್ಲಿ. ಓಡಿ ಹೋಗಿ ಕೊರಕಲಿನ ಒಣ ಮಗ್ಗುಲಿಂದ ಒಂದು ಉಂಡೆ ತಂದೆ. ಒಂದು ಬಟ್ಟಲಿಗೆ ಹಂಡೆಯ ನೀರು, ಇನ್ನೊಂದಕ್ಕೆ ಬಾವಿಯ ನೀರು ತುಂಬಿ, ಉಂಡೆಯನ್ನು ಎರಡಾಗಿ ಮುರಿದು ಹಾಕಿದೆ.

ಬಾವಿಯ ನೀರು ತಿಳಿಯಾಗಿಯೇ ಉಳಿಯಿತು. ಮಳೆಯ ನೀರಲ್ಲಿ ಹೊಗೆ ಎದ್ದಿತು.

ನಾನು ಕಿರುಚಿದೆನಂತೆ. ಹಾವು ಕಚ್ಚಿತು ಅಂದುಕೊಂಡು ಮಾವ ಓಡಿ ಬಂದರು. ಬಟ್ಟಲು ತೋರಿಸಿದೆ. ಅವರು ನನ್ನನ್ನು ನಂಬಲಿಲ್ಲ. ಬಟ್ಟಲನ್ನು ತಾವೇ ತೊಳೆದು, ತಾವೇ ಮಳೆನೀರು ತುಂಬಿ, ತಮ್ಮ ಕಾಲುವೆಯ ತಳದಿಂದ ತಾವೇ ಮಣ್ಣು ತಂದು ಹಾಕಿದರು. ಅದೂ ಹಾಲಾಯಿತು. ನಾನು ಆ ಹಾಲಿಗೆ ಒಂದು ಚಿಟಿಕೆ ಉಪ್ಪು ಹಾಕಿ ಪಕ್ಕಕ್ಕಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಮಣ್ಣೆಲ್ಲ ತಳಕ್ಕೆ ಇಳಿದು ಮೇಲಿನ ನೀರು ತಿಳಿಯಾಗಿತ್ತು. ಮಾವ ಅದನ್ನೂ ನೋಡಿದರು.

ಬಹಳ ವರ್ಷಗಳ ಮೇಲೆ, ಮಣ್ಣು ಪರೀಕ್ಷೆ ಮಾಡುವ ಒಬ್ಬರು ನನಗೆ ಇದರ ಕಾರಣ ಹೇಳಿದರು. ಸವುಳಿನಲ್ಲಿ ಸೋಡದ ಅಂಶ ಹೆಚ್ಚಂತೆ. ಅದರಿಂದ ಮಣ್ಣಿನ ಸಣ್ಣ ಕಣಗಳು ಒಂದನ್ನೊಂದು ಹಿಡಿದುಕೊಳ್ಳದೆ ದೂರ ತಳ್ಳುತ್ತವಂತೆ. ನೀರಿನಲ್ಲಿ ಉಪ್ಪಿದ್ದರೆ ಅವು ಹತ್ತಿರ ಸೇರಿ ತಳಕ್ಕೆ ಕೂರುತ್ತವೆ. ಮಳೆನೀರಿನಲ್ಲಿ ಏನೂ ಇಲ್ಲವಾದ್ದರಿಂದ ಬಿಟ್ಟುಹೋಗುತ್ತವೆ. ಮೇಲಿನ ಕೆಂಪು ಮಣ್ಣಿನ ಹೊದಿಕೆಯನ್ನು ಕೊಯ್ದು ಒಳಗಿನ ಸವುಳಿಗೆ ಮಳೆನೀರಿನ ದಾರಿ ಮಾಡಿಕೊಟ್ಟದ್ದು ಆ ಕಾಲುವೆ. ಅಂದು ನಮಗೆ ಇಷ್ಟು ಮಾತು ಗೊತ್ತಿರಲಿಲ್ಲ. ಆದರೆ ಮಾವನಿಗೆ ಬೇಕಾದಷ್ಟು ಗೊತ್ತಾಗಿತ್ತು.

ಅಂದು ಅವರು ಉಣ್ಣಲಿಲ್ಲ. ಮರುದಿನ ಬೆಳಗ್ಗೆ ಗುದ್ದಲಿ ತೆಗೆದುಕೊಂಡು ಹೋಗಿ ತಮ್ಮ ಕಾಲುವೆಯನ್ನು ಮುಚ್ಚಲು ಶುರುಮಾಡಿದರು. ನಾನೂ ಮಂಕರಿ ಹಿಡಿದು ಹೋದೆ. ಅಲ್ಲಿಯದೇ ಮಣ್ಣು ತುಂಬಿದ್ದು ಮುಂದಿನ ಮಳೆಗೆ ಕೊಚ್ಚಿಹೋಯಿತು. ಕಲ್ಲು ಜೋಡಿಸಿದೆವು, ನೀರು ಕಲ್ಲಿನ ಅಡಿಯಲ್ಲಿ ಬಿಲ ಮಾಡಿಕೊಂಡು ಹೋಯಿತು. ಕೊನೆಗೆ ಮೇಲಿನ ಹೊಲದ ಕೆಂಪು ಮಣ್ಣು ಹೊತ್ತು ತಂದು, ಸುಣ್ಣದ ಗೂಡಿನ ಹತ್ತಿರ ಬಿಸಾಡಿದ್ದ ಸುಣ್ಣದ ಪುಡಿಯನ್ನು ಗಾಡಿಯಲ್ಲಿ ತಂದು ಮಣ್ಣು ಕಚ್ಚಿಕೊಳ್ಳಲೆಂದು ಬೆರೆಸಿ, ದಿಮ್ಮಸಿನಿಂದ ಬಡಿದು ಗಟ್ಟಿ ಮಾಡಿ, ಮೇಲೆ ಗರಿಕೆ ನೆಟ್ಟೆವು. ನೀರನ್ನು ಒಂದೇ ಕಡೆ ಓಡಿಸುವ ಬದಲು ಮೇಲ್ಗಡೆ ಸಣ್ಣ ಸಣ್ಣ ಬದು ಹಾಕಿ ಹರಡಿಬಿಟ್ಟೆವು. ಅದು ನಿಂತಿತು. ಹೋದ ಹೊಲ ಹೋಯಿತು, ಆದರೆ ಕೊರಕಲು ಮನೆಯ ಕಡೆಗೆ ಮುಂದೆ ಬೆಳೆಯಲಿಲ್ಲ. ಆ ಎರಡು ತಿಂಗಳಲ್ಲಿ ಮಾವ ನನ್ನ ಹತ್ತಿರ ಆಡಿದ ಮಾತು ಹಿಂದಿನ ಎರಡು ವರ್ಷಕ್ಕಿಂತ ಹೆಚ್ಚು. ಅಕ್ಕನ ಮಾತನ್ನು ಮಾತ್ರ ಇಬ್ಬರೂ ಎತ್ತಲಿಲ್ಲ.

ಗರಿಕೆ ಹಿಡಿದ ಮೇಲೆ ಒಂದು ಬೆಳಗ್ಗೆ ಅವರು ಒಗೆದ ಪಂಚೆ ಉಟ್ಟು, "ಸೇಲಂಗೆ ಓಗ್ಬತ್ತೀನಿ" ಎಂದರು. ಯಾಕೆ ಎಂದು ನಾನು ಕೇಳಲಿಲ್ಲ. ನಾಲ್ಕನೇ ದಿನ ವಾಪಸ್ ಬಂದರು. ಹೆಗಲ ಮೇಲಿನ ಟವಲ್ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡು ಜಗಲಿಯಲ್ಲಿ ಕೂತರು.

"ನೀರಿರೋ ಕಡೆಯೆಲ್ಲಾ ಕೇಳ್ದೆ ಕಣವ್ವ. ಅವಳ ಎಸರು ಏನು ಅಂತ ಕೇಳ್ತಾರೆ."

ನಾನು ನೀರಿನ ಚೊಂಬು ತಂದು ಮುಂದಿಟ್ಟೆ.

"ಎಸರೇ ಗೊತ್ತಿಲ್ಲ ನಂಗೆ. ನೀನು ಬರೋಕ್ ಮುಂಚೆ ಅಷ್ಟು ವರ್ಷ ನಮ್ ಬಟ್ಟೆ ಒಗೆದ್ಲು."

"ನಂಗೂ ಗೊತ್ತಿಲ್ಲ ಮಾವ" ಎಂದೆ. ಅವರು ನನ್ನ ಮುಖ ನೋಡಿ, ತಲೆ ತಗ್ಗಿಸಿದರು.

ಮುಂದಿನ ವರ್ಷ ತಂಗಿಯ ಮದುವೆಗೆಂದು ತವರಿಗೆ ಹೊರಟಾಗ ಮೊರಪ್ಪೂರಿನಲ್ಲಿ ದೊಡ್ಡ ರೈಲು ಹತ್ತಿ ಸೇಲಂನಲ್ಲಿ ಇಳಿದೆ. ಕರೆದುಕೊಂಡು ಹೋಗಲು ಬಂದಿದ್ದ ಅಣ್ಣನಿಗೆ ಜವಳಿ ಅಂಗಡಿಯಲ್ಲಿ ಕೆಲಸವಿತ್ತು. ಅಲ್ಲಿ ಹತ್ತಿರದಲ್ಲೇ ಊರೊಳಗೆ ಹರಿಯುವ ಹೊಳೆ. ದಂಡೆಯುದ್ದಕ್ಕೂ ಬಟ್ಟೆ ಹರವಿದ್ದರು. ನಾನು ಅಣ್ಣನಿಗೆ ಹೇಳಿ ಇಳಿದು ಹೋದೆ. ಕೇಳಿ ವಿಚಾರಿಸಲು ನನ್ನ ಬಳಿ ಅವಳ ಹೆಸರೇ ಇರಲಿಲ್ಲ. ಒಬ್ಬೊಬ್ಬರ ಮುಖ ನೋಡುತ್ತ ನಡೆದೆ. ಮೂರನೇ ಕಲ್ಲೋ ನಾಲ್ಕನೇ ಕಲ್ಲೋ, ಬೆನ್ನು ನೋಡಿಯೇ ಗೊತ್ತಾಯಿತು.

"ಅಕ್ಕ."

ಅವಳು ತಿರುಗಿದಳು. ತಲೆ ಪೂರ್ತಿ ನರೆತಿತ್ತು. ನನ್ನನ್ನು ಗುರುತಿಸಲು ಸ್ವಲ್ಪ ಹೊತ್ತಾಯಿತು. "ಓ, ತಾಯಿ" ಎಂದಳು, ನಿನ್ನೆ ತಾನೇ ನೋಡಿದ ಹಾಗೆ. ಅವಳ ಗಂಡ ಕಳೆದ ಚಳಿಗಾಲದಲ್ಲಿ ತೀರಿಹೋದನಂತೆ. ಕತ್ತೆಗಳನ್ನು ಮಾರಿದಳಂತೆ. ಇಲ್ಲಿ ಎಲ್ಲರೂ ಅಂಗಡಿಯ ಸೋಡಾ, ಸೋಪು ಹಾಕುತ್ತಾರೆ, ಕೈ ಬಿರಿಯುತ್ತದೆ ಎಂದು ಅಂಗೈ ತೋರಿಸಿದಳು.

ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಬಾವಿಯ ನೀರು, ಮಳೆಯ ನೀರು, ಮಾವ ಕಾಲುವೆ ಮುಚ್ಚಿದ್ದು, ಹುಡುಕಿಕೊಂಡು ಬಂದು ಸಿಗದೆ ಹಿಂದಿರುಗಿದ್ದು. ಅವಳು ಕೂಗಿದಾಗ ನಾನು ಒಳಗಿದ್ದೆ ಎಂಬುದನ್ನೂ ಹೇಳಿದೆ.

"ಗೊತ್ತಿತ್ತು. ಬೀಸೋ ಕಲ್ಲು ಕೇಳಿಸ್ತಿತ್ತು" ಎಂದಳು.

ನನಗೆ ಅಳು ಬಂತು. ಅವಳು ಅಳಲಿಲ್ಲ, ನನ್ನನ್ನು ಸಮಾಧಾನವೂ ಮಾಡಲಿಲ್ಲ. ಒದ್ದೆ ಕೈ ಸೆರಗಿಗೆ ಒರೆಸಿಕೊಂಡು, "ದೊಡ್ಡಯ್ಯ ಇಲ್ಲೀಗಂಟ ಬಂದಿದ್ರಾ, ನನ್ನ ಉಡ್ಕೊಂಡು?" ಎಂದು ಕೇಳಿದಳು.

"ಮೂರು ದಿನ ತಿರುಗಿದ್ರು ಅಕ್ಕ."

"ವಯಸ್ಸಾದೋರು" ಎಂದಳು. "ವಾಪಸ್ ಬಾ" ಎಂದೆ. ಅವಳು ನಕ್ಕಳು. "ಯಾವ ಗುಡಿಸಲಿಗೆ ಬರ್ಲಿ ತಾಯಿ? ಇಲ್ಲಿ ನಾಕು ಮನೆ ಬಟ್ಟೆ ಇಡ್ಕೊಂಡಿವ್ನಿ. ಬುಟ್ಟು ಬಂದ್ರೆ ಬೇರೆಯೋರು ಇಡ್ಕೊಂತಾರೆ."

ಮಾತು ಅಲ್ಲಿಗೆ ನಿಂತಿತು. ಹೇಳಬೇಕೆಂದು ಒಂದೂವರೆ ವರ್ಷ ಕೂಡಿಟ್ಟದ್ದೆಲ್ಲ ಮುಗಿದಿತ್ತು. ಹರವಿದ್ದ ಸೀರೆಗಳು ಒಣಗಿದ್ದವು. ಅವಳು ಒಂದನ್ನು ಎತ್ತಿಕೊಂಡಳು. ನಾನು ಹೋಗಿ ಇನ್ನೊಂದು ತುದಿ ಹಿಡಿದೆ. ಬೇಡ ಅನ್ನಲಿಲ್ಲ. ಒಂದಾದ ಮೇಲೆ ಒಂದು ಏಳೆಂಟು ಸೀರೆ ಮಡಿಸಿದೆವು. ಮೇಲಿನಿಂದ ಅಣ್ಣ ಕೂಗಿದ. ಹೋಗಿಬರುತ್ತೇನೆ ಎಂದೆ. ಅವಳು ಹೂಂ ಎಂದು ಗಂಟು ಕಟ್ಟಲು ಬಗ್ಗಿದಳು.

ಮದುವೆ ಮುಗಿಸಿ ಬರುವಾಗ ರೈಲಿಗೆ ಹೊತ್ತಾಗಿ ಹೊಳೆಯ ಕಡೆ ಹೋಗಲಾಗಲಿಲ್ಲ. ಆ ವರ್ಷದ ಕೊನೆಗೆ ಗಂಡ ನನ್ನನ್ನು ತಮ್ಮ ಗಣಿಯ ಊರಿಗೆ ಕರೆದುಕೊಂಡು ಹೋದರು.